ಗಾಳದವರ ತಕರಾರು: ಚೆಸಪೀಕ್ ಕೊಲ್ಲಿಯ ಮೆನ್‌ಹೇಡನ್ ಲೆಕ್ಕ

ಅಮೆರಿಕದ ವರ್ಜೀನಿಯಾದಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗನಿಗೆ ಈಚೆಗೆ ಗಾಳದ ಹುಚ್ಚು ಹಿಡಿದಿದೆ. ಶನಿವಾರ ಬಂತೆಂದರೆ ಚೆಸಪೀಕ್ ಕೊಲ್ಲಿಯ ದಡದಲ್ಲಿ ಕೋಲು ಹಿಡಿದು ನಿಂತಿರುತ್ತಾನೆ. ಮೊನ್ನೆ ಫೋನ್ ಮಾಡಿ ಕೇಳಿದ: "ಮಾವ, ಇಲ್ಲಿ ಗಾಳದವರೆಲ್ಲ ಒಂದು ಫ್ಯಾಕ್ಟರಿಯ ಮೇಲೆ ಸಿಟ್ಟಾಗಿದ್ದಾರೆ. ಯಾರೂ ತಿನ್ನದ ಮೀನಿಗೆ ಇಷ್ಟು ಜಗಳ ಯಾಕೆ?"

ಪ್ರಶ್ನೆ ಚೆನ್ನಾಗಿತ್ತು. ನಾನು ಕೊಟ್ಟ ಉತ್ತರ ಅಡ್ಡಾದಿಡ್ಡಿಯಾಗಿತ್ತು. ಅದನ್ನೇ ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಆ ಕಡೆ ಇರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು. ನಮ್ಮ ಕರಾವಳಿಯವರಿಗೆ ಓದುತ್ತ ಓದುತ್ತ ಇದೆಲ್ಲ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಬಹುದು.

ಯಾವ ಮೀನು ಇದು?

ಹೆಸರು ಮೆನ್‌ಹೇಡನ್. ನ್ಯೂಯಾರ್ಕ್ ಕಡೆ ಬಂಕರ್ ಎನ್ನುತ್ತಾರೆ, ಇನ್ನು ಕೆಲವೆಡೆ ಪೋಗಿ. ನಮ್ಮ ಬೂತಾಯಿಗೆ, ಉತ್ತರ ಕನ್ನಡದವರ ತಾರ್ಲೆಗೆ ಇದು ದೂರದ ದಾಯಾದಿ. ಬೆಳ್ಳಿ ಮೈ, ಕಿವಿರಿನ ಹಿಂದೆ ಒಂದು ಕಪ್ಪು ಚುಕ್ಕೆ, ಗೇಣುದ್ದ ಅಥವಾ ಸ್ವಲ್ಪ ಹೆಚ್ಚು. ಬೂತಾಯಿಯಂತೆಯೇ ಹಿಂಡು ಕಟ್ಟಿಕೊಂಡು ತಿರುಗುತ್ತದೆ. ಮೈಯೆಲ್ಲ ಎಣ್ಣೆ, ಒಳಗೆಲ್ಲ ಮುಳ್ಳು. ನಾವು ಬೂತಾಯಿಗೆ ಖಾರ ಅರೆದು ಗಸಿ ಮಾಡುತ್ತೇವೆ. ಅವರು ಇದನ್ನು ತಟ್ಟೆಗೆ ಹಾಕಿಕೊಳ್ಳುವುದಿಲ್ಲ.

ಹಾಗೆಂದು ಇದು ಕೆಲಸಕ್ಕೆ ಬಾರದ ಮೀನಲ್ಲ. ಮೆನ್‌ಹೇಡನ್ ಬಾಯಿ ತೆರೆದುಕೊಂಡು ಈಜುತ್ತದೆ. ನೀರು ಕಿವಿರಿನ ಜರಡಿಯಿಂದ ಹೊರಗೆ ಹೋಗುತ್ತದೆ, ನೀರಿನಲ್ಲಿ ತೇಲುವ ಪ್ಲಾಂಕ್ಟನ್, ಎಂದರೆ ಕಣ್ಣಿಗೆ ಕಾಣಿಸದಷ್ಟು ಸಣ್ಣ ಸಸ್ಯ ಮತ್ತು ಜೀವಿಗಳು, ಒಳಗೆ ಉಳಿಯುತ್ತವೆ. ಹೀಗೆ ಕಣದಷ್ಟು ಸಣ್ಣ ಆಹಾರ ಗೇಣುದ್ದದ ಎಣ್ಣೆಮೀನಾಗುತ್ತದೆ. ಆ ಎಣ್ಣೆಮೀನನ್ನು ಉಳಿದವರೆಲ್ಲ ತಿನ್ನುತ್ತಾರೆ: ಸ್ಟ್ರೈಪ್ಡ್ ಬಾಸ್, ಬ್ಲೂಫಿಶ್, ತಿಮಿಂಗಿಲ, ಡಾಲ್ಫಿನ್, ಮೀನುಗಿಡುಗ. ಇಂಥವುಗಳಿಗೆ ಮೇವಿನ ಮೀನು ಎನ್ನಬಹುದು. ಗಾಳಕ್ಕೆ ಸಿಕ್ಕಿಸಿದರೆ ಅದೇ ಎರೆಮೀನು. ಏಡಿ ಬೋನಿಗೆ, ಉತ್ತರದ ಮೇಯ್ನ್ ರಾಜ್ಯದ ಲಾಬ್‌ಸ್ಟರ್ ಬೋನಿಗೆ ಇಡುವ ಎರೆಯೂ ಬಹುಪಾಲು ಇದೇ.

ಮೊಟ್ಟೆ ಇಡುವುದು ಹೊರಗಿನ ಸಮುದ್ರದಲ್ಲಿ. ಮರಿಗಳು ತೇಲಿಕೊಂಡು ಕೊಲ್ಲಿಗಳಿಗೆ, ಅಳಿವೆಗಳಿಗೆ ಬಂದು ಬೆಳೆಯುತ್ತವೆ. ಅಂಥ ತೊಟ್ಟಿಲುಗಳಲ್ಲಿ ದೊಡ್ಡದು ಚೆಸಪೀಕ್ ಕೊಲ್ಲಿ. ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ರಾಜ್ಯಗಳ ನಡುವೆ ಸುಮಾರು 320 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿದೆ. ಆದರೆ ಸರಾಸರಿ ಆಳ ಆರೂವರೆ ಮೀಟರ್ ಅಷ್ಟೆ.

ಫ್ಯಾಕ್ಟರಿ ಮಾಡುವುದೇನು?

ವರ್ಜೀನಿಯಾದ ನಾರ್ತಂಬರ್‌ಲ್ಯಾಂಡ್ ಕೌಂಟಿಯಲ್ಲಿ ರೀಡ್‌ವಿಲ್ ಎಂಬ ಸಣ್ಣ ಊರಿದೆ. 1870ರ ದಶಕದಲ್ಲಿ ಮೇಯ್ನ್‌ನಿಂದ ಬಂದ ಎಲೈಜಾ ರೀಡ್ ಎಂಬ ಕ್ಯಾಪ್ಟನ್ ಅಲ್ಲಿ ಮೀನೆಣ್ಣೆ ತೆಗೆಯುವ ಉದ್ಯಮ ಕಟ್ಟಿದ. ಊರಿಗೆ ಅವನದೇ ಹೆಸರು. ಇಂದು ಅಲ್ಲಿ ಉಳಿದಿರುವ ಕಾರ್ಖಾನೆ ಒಮೇಗಾ ಪ್ರೋಟೀನ್ ಕಂಪನಿಯದು. 2017ರಲ್ಲಿ ಕೆನಡಾದ ಕುಕ್ ಕಂಪನಿ ಅದನ್ನು ಕೊಂಡುಕೊಂಡಿತು. ಮೀನು ಹಿಡಿದು ಕೊಡುವುದು ಓಷನ್ ಹಾರ್ವೆಸ್ಟರ್ಸ್ ಎಂಬ ಇನ್ನೊಂದು ಸಂಸ್ಥೆ. ಒಂದು ಕಾಲಕ್ಕೆ ಅಟ್ಲಾಂಟಿಕ್ ಕರಾವಳಿಯ ತುಂಬ ಇಂಥ ಕಾರ್ಖಾನೆಗಳಿದ್ದವು. ಒಂದೊಂದಾಗಿ ಮುಚ್ಚಿದವು. ನಾರ್ತ್ ಕ್ಯಾರೊಲೈನಾದ ಕೊನೆಯದು 2005ರಲ್ಲಿ ಬಾಗಿಲು ಹಾಕಿತು. ಈಗ ಆ ಇಡೀ ಕರಾವಳಿಗೆ ರೀಡ್‌ವಿಲ್ ಒಂದೇ.

ಹಿಡಿಯುವ ಬಗೆ ಹೀಗಿದೆ. ಮೇಲೆ ಒಂದು ಪುಟ್ಟ ವಿಮಾನ ಸುತ್ತುತ್ತಿರುತ್ತದೆ. ಮೇಲಿನಿಂದ ನೋಡಿದರೆ ಮೆನ್‌ಹೇಡನ್ ಹಿಂಡು ನೀರಿನಲ್ಲಿ ಕಂದುಗೆಂಪು ಕಲೆಯಂತೆ ಕಾಣುತ್ತದೆ. ಪೈಲಟ್ ರೇಡಿಯೊದಲ್ಲಿ ಜಾಗ ಹೇಳುತ್ತಾನೆ. ದೊಡ್ಡ ಹಡಗು ಹತ್ತಿರ ಬರುತ್ತದೆ. ಅದರಿಂದ ಎರಡು ದೋಣಿ ಇಳಿಯುತ್ತವೆ. ಎರಡರ ನಡುವೆ ಒಂದೇ ಬಲೆ. ಒಂದು ದೋಣಿ ಎಡಕ್ಕೆ, ಒಂದು ಬಲಕ್ಕೆ ಸುತ್ತಿ ಹಿಂಡಿನ ಆಚೆ ಸೇರುತ್ತವೆ. ಈಗ ಹಿಂಡಿನ ಸುತ್ತ ಬಲೆಯ ಗೋಡೆ. ಬಲೆಯ ಅಡಿಯಂಚಿನ ಬಳೆಗಳಲ್ಲಿ ಒಂದು ಹಗ್ಗ ಓಡಿರುತ್ತದೆ. ಲಾಡಿ ಎಳೆದರೆ ಚೀಲದ ಬಾಯಿ ಕಟ್ಟಿಕೊಳ್ಳುವಂತೆ, ಆ ಹಗ್ಗ ಎಳೆದರೆ ಬಲೆಯ ಅಡಿ ಮುಚ್ಚುತ್ತದೆ. ಮಲ್ಪೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಪರ್ಸೀನ್ ಬೋಟಿನದೂ ಇದೇ ವಿದ್ಯೆ. ಆಮೇಲೆ ದಪ್ಪ ಕೊಳವೆ ಇಳಿಸಿ ಮೀನನ್ನು ನೀರಿನ ಸಮೇತ ಪಂಪಿನಲ್ಲಿ ಹೀರಿ ಹಡಗಿನ ತಣ್ಣನೆಯ ಹೊಟ್ಟೆಗೆ ತುಂಬುತ್ತಾರೆ.

1950ರ ದಶಕದಲ್ಲಿ ಯಂತ್ರದ ರಾಟೆಗಳು ಬರುವವರೆಗೆ ಆ ಬಲೆಯನ್ನು ಕೈಯಲ್ಲೇ ಎಳೆಯುತ್ತಿದ್ದರು. ಎಳೆಯುವವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಕೆಲಸಗಾರರು. ಭಾರ ಎತ್ತಲು ಎಲ್ಲರ ತೋಳು ಒಂದೇ ತಾಳಕ್ಕೆ ಬರಬೇಕು. ಅದಕ್ಕೆ ಹಾಡು ಕಟ್ಟಿಕೊಂಡಿದ್ದರು. ನಮ್ಮ ರಂಪಣಿ ಬಲೆ ಎಳೆಯುವಾಗಿನ ಕೂಗು ಕೇಳಿದವರಿಗೆ ಇದು ತಟ್ಟನೆ ಅರ್ಥವಾದೀತು. ಆ ಮೇಳಗಳ ಹಾಡನ್ನು ರೆಕಾರ್ಡ್ ಮಾಡಿ ಇಟ್ಟಿದ್ದಾರೆ. ಯಂತ್ರ ಬಂದು ಕೈಗೆ ಕೆಲಸ ತಪ್ಪಿದ ಮೇಲೆ ಹಾಡು ವೇದಿಕೆಗೆ ಬಂತು.

ಕಾರ್ಖಾನೆಯೊಳಗೆ ನಡೆಯುವುದಕ್ಕೆ ಅಲ್ಲಿ ರಿಡಕ್ಷನ್ ಎನ್ನುತ್ತಾರೆ. ಎಂದರೆ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಕುಗ್ಗಿಸುವುದು. ಮೊದಲು ಉಗಿಯಲ್ಲಿ ಬೇಯಿಸುತ್ತಾರೆ. ಗಾಣದಂಥ ತಿರುಪು ಯಂತ್ರದಲ್ಲಿ ಹಿಂಡುತ್ತಾರೆ. ಇಳಿದ ರಸವನ್ನು ಗಿರಗಿರನೆ ತಿರುಗಿಸಿ ಎಣ್ಣೆ ಬೇರೆ ಮಾಡುತ್ತಾರೆ. ಉಳಿದ ಹಿಂಡಿಯನ್ನು ಒಣಗಿಸಿ ಪುಡಿ ಮಾಡುತ್ತಾರೆ. ಪುಡಿ ಸಾಕುಮೀನಿನ ಮೇವಿಗೆ, ನಾಯಿ-ಬೆಕ್ಕಿನ ಆಹಾರಕ್ಕೆ ಹೋಗುತ್ತದೆ. ಎಣ್ಣೆಯೂ ಹೆಚ್ಚಾಗಿ ಮೇವಿಗೇ. ಸ್ವಲ್ಪ ಭಾಗ ಒಮೇಗಾ-3 ಮಾತ್ರೆಗಳಿಗೆ.

ಇಷ್ಟು ಓದಿದಾಗ ಮಂಗಳೂರು-ಉಡುಪಿ ಕಡೆಯವರಿಗೆ ನಮ್ಮದೇ ಫಿಶ್‌ಮೀಲ್ ಕಾರ್ಖಾನೆಗಳ ವಾಸನೆ ಮೂಗಿಗೆ ಬಡಿದಿರಬೇಕು. ಕೆಲಸ ಒಂದೇ, ಹೋಲಿಕೆ ನಿಜ. ವ್ಯತ್ಯಾಸವೂ ಇದೆ. ನಮ್ಮಲ್ಲಿ ಬೂತಾಯಿ ಬಡವರ ಅನ್ನದ ಜೊತೆಯ ಮೀನು, ಕಾರ್ಖಾನೆ ಅದಕ್ಕೆ ಪೈಪೋಟಿ. ಅಲ್ಲಿ ಪೈಪೋಟಿ ಇರುವುದು ಕಾರ್ಖಾನೆಗೂ ದೊಡ್ಡ ಮೀನಿನ ಹೊಟ್ಟೆಗೂ.

ಗಾಳದವರಿಗೆ ಇದರಿಂದ ಏನು ತೊಂದರೆ?

ಅವರು ಹಿಡಿಯಬೇಕೆಂದಿರುವುದು ಮೆನ್‌ಹೇಡನ್ ಅಲ್ಲ, ಅದನ್ನು ತಿನ್ನಲು ಬರುವ ಸ್ಟ್ರೈಪ್ಡ್ ಬಾಸ್. ಮೈಮೇಲೆ ಉದ್ದುದ್ದ ಪಟ್ಟೆ ಇರುವ ಈ ಮೀನಿಗೆ ಚೆಸಪೀಕ್‌ನವರು ರಾಕ್‌ಫಿಶ್ ಎನ್ನುತ್ತಾರೆ. ಮೇರಿಲ್ಯಾಂಡಿನ ರಾಜ್ಯಮೀನು ಅದು. ಅಟ್ಲಾಂಟಿಕ್ ಕರಾವಳಿಯ ಸ್ಟ್ರೈಪ್ಡ್ ಬಾಸ್‌ಗಳಲ್ಲಿ ಬಹುಪಾಲು ಹುಟ್ಟುವುದು ಚೆಸಪೀಕ್‌ಗೆ ಸೇರುವ ನದಿಗಳಲ್ಲಿ. 2019ರಲ್ಲಿ ಅದರ ಸಂಖ್ಯೆ ಅಪಾಯದ ಗೆರೆಗಿಂತ ಕೆಳಗೆ ಇಳಿದಿದೆ ಎಂದು ಅಧಿಕೃತವಾಗಿ ಘೋಷಿಸಿದರು. ಅಂದಿನಿಂದ ಕೊಲ್ಲಿಯಲ್ಲಿ ಮರಿಗಳೂ ಸರಿಯಾಗಿ ಬಂದಿಲ್ಲ. ಮೇರಿಲ್ಯಾಂಡ್ ಪ್ರತಿವರ್ಷ ಬೇಸಿಗೆಯಲ್ಲಿ ಬಲೆ ಎಳೆದು ಮರಿ ಎಣಿಸುತ್ತದೆ. ಅದರ ದೀರ್ಘಕಾಲದ ಸರಾಸರಿ ಒಂದು ಎಳೆತಕ್ಕೆ ಸುಮಾರು 11. 2023ರಲ್ಲಿ ಸಿಕ್ಕಿದ್ದು 1.

ಗಾಳದವರ ವಾದ ಸರಳ: ಕೊಲ್ಲಿಯೊಳಗಿನ ಮೇವನ್ನೇ ಪಂಪ್ ಹಾಕಿ ಹೀರಿದರೆ ಮೀನು ಇಲ್ಲಿಗೆ ಯಾಕೆ ಬರಬೇಕು? ಬಂದರೂ ಏನು ತಿನ್ನಬೇಕು?

ಅದರ ಜೊತೆಗೆ ಕಣ್ಣಿಗೆ ಕಾಣುವ ಸಿಟ್ಟೂ ಇದೆ. ಒಮ್ಮೊಮ್ಮೆ ತುಂಬಿದ ಬಲೆ ಹರಿಯುತ್ತದೆ. ಸತ್ತ ಮೀನು ಸಾವಿರಗಟ್ಟಲೆ ದಡಕ್ಕೆ ಬಂದು ಬೀಳುತ್ತದೆ. 2022ರ ಜುಲೈನಲ್ಲಿ ವರ್ಜೀನಿಯಾದ ಈಸ್ಟರ್ನ್ ಶೋರ್ ಕಡಲತಡಿಗಳಲ್ಲಿ ಹೀಗಾಯಿತು. ಒಂದು ಸಲ ಮೆನ್‌ಹೇಡನ್ ಜೊತೆ ದೊಡ್ಡ ದೊಡ್ಡ ರೆಡ್ ಡ್ರಮ್ ಮೀನುಗಳೂ ಸತ್ತು ಬಂದವು. ರೆಡ್ ಡ್ರಮ್ ಎಂದರೆ ಗಾಳದವರಿಗೆ ಪ್ರಾಣ. ಒಂದು ಹಿಡಿದು ಫೋಟೊ ತೆಗೆದು ಜೋಪಾನವಾಗಿ ನೀರಿಗೆ ಬಿಡುವವರು, ರಾಶಿ ಬಿದ್ದಿದ್ದನ್ನು ಬೇಸಿಗೆ ರಜೆಯ ಮಧ್ಯೆ ನೋಡಿದರು. ಮರುವರ್ಷ ಕಂಪನಿ ಮತ್ತು ರಾಜ್ಯ ಒಂದು ಒಪ್ಪಂದ ಮಾಡಿಕೊಂಡವು: ಕೆಲವು ದಡಗಳಿಂದ ದೂರ ಇರುವುದು, ರಜಾದಿನಗಳಲ್ಲಿ ಬಲೆ ಹಾಕದಿರುವುದು. ಇದು ಕಾನೂನಲ್ಲ, ಒಪ್ಪಂದ.

ಮಿತಿ ಇಲ್ಲವೇ?

ಇದೆ. ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಿ. ಜಗಳದ ಗಂಟು ಇಲ್ಲೇ ಇದೆ.

ಮೇಯ್ನ್‌ನಿಂದ ಫ್ಲಾರಿಡಾವರೆಗಿನ ಕರಾವಳಿ ರಾಜ್ಯಗಳು ಸೇರಿ 1942ರಲ್ಲಿ ಒಂದು ಆಯೋಗ ಮಾಡಿಕೊಂಡವು. ಅಟ್ಲಾಂಟಿಕ್ ಸ್ಟೇಟ್ಸ್ ಮರೈನ್ ಫಿಶರೀಸ್ ಕಮಿಷನ್ ಎಂದು ಅದರ ಹೆಸರು. ಇಡೀ ಕರಾವಳಿಯಲ್ಲಿ ವರ್ಷಕ್ಕೆ ಎಷ್ಟು ಮೆನ್‌ಹೇಡನ್ ಹಿಡಿಯಬಹುದು ಎಂದು ಅದು ಹೇಳುತ್ತದೆ. ಮೊದಲ ಬಾರಿ ಹಾಗೆ ಮಿತಿ ಹಾಕಲು ನಿರ್ಧರಿಸಿದ್ದು 2012ರಲ್ಲಿ: 1,70,800 ಟನ್. 2023ರಿಂದ 2025ರವರೆಗೆ ವರ್ಷಕ್ಕೆ 2,33,550 ಟನ್ ಇತ್ತು. ಇದರಲ್ಲಿ ಮುಕ್ಕಾಲು ಪಾಲು ವರ್ಜೀನಿಯಾಕ್ಕೆ. ಆ ಪಾಲಿನಲ್ಲಿ ದೊಡ್ಡ ಭಾಗ ರೀಡ್‌ವಿಲ್ ಕಾರ್ಖಾನೆಗೆ.

ಕೊಲ್ಲಿಗೆ ಬೇರೆಯೇ ಒಂದು ಮಿತಿ ಇದೆ. ಕಾರ್ಖಾನೆಯ ಹಡಗುಗಳು ಕೊಲ್ಲಿಯೊಳಗೆ ಎಷ್ಟು ಹಿಡಿಯಬಹುದು ಎಂಬುದು. 2006ರಲ್ಲಿ 1,09,020 ಟನ್ ಇದ್ದದ್ದು ಮುಂದೆ 87,216ಕ್ಕೆ ಇಳಿಯಿತು. 2017ರ ತಿದ್ದುಪಡಿಯಲ್ಲಿ 51,000 ಆಯಿತು. 51,000 ಟನ್ ಎಂದರೆ 5 ಕೋಟಿ 10 ಲಕ್ಷ ಕೆ.ಜಿ. ಒಂದು ಮೀನು ಕಾಲು ಕೆ.ಜಿ. ತೂಗುತ್ತದೆ ಎಂದಿಟ್ಟುಕೊಂಡರೆ 20 ಕೋಟಿ ಮೀನು. ಕೊಲ್ಲಿಯ ಬಾಯಿಯಿಂದ ಆಚೆ ಹಿಡಿದದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಈ 51,000 ಎಲ್ಲಿಂದ ಬಂತು? ಕೊಲ್ಲಿಯಲ್ಲಿ ಇಷ್ಟು ಮೀನಿದೆ, ಅದರಲ್ಲಿ ಇಷ್ಟು ತೆಗೆದರೆ ಇಷ್ಟು ಉಳಿಯುತ್ತದೆ ಎಂದು ಎಣಿಸಿ ಬಂದ ಸಂಖ್ಯೆ ಅದಲ್ಲ. 2012ರಿಂದ 2016ರವರೆಗೆ ಕಾರ್ಖಾನೆ ಕೊಲ್ಲಿಯಲ್ಲಿ ಹಿಡಿದದ್ದರ ಸರಾಸರಿ ಹೆಚ್ಚುಕಡಿಮೆ ಅಷ್ಟಿತ್ತು. ಅದನ್ನೇ ಮಿತಿ ಮಾಡಿದರು. ಕಣಜದಲ್ಲಿ ಎಷ್ಟು ಭತ್ತ ಇದೆ ಎಂದು ನೋಡದೆ, ಹೋದ ಐದು ವರ್ಷ ದಿನಕ್ಕೆಷ್ಟು ಸೇರು ತೆಗೆದೆವೋ ಅಷ್ಟೇ ತೆಗೆಯೋಣ ಎಂದ ಹಾಗೆ.

2019ರಲ್ಲಿ ಕಂಪನಿ ಈ ಮಿತಿಯನ್ನು ಮೀರಿತು, ಅದೂ 15,000 ಟನ್ನಿನ ಹತ್ತಿರ. ಆಯೋಗ ವರ್ಜೀನಿಯಾ ನಿಯಮ ಪಾಲಿಸಿಲ್ಲ ಎಂದು ದೂರು ಕಳಿಸಿತು. ಕೇಂದ್ರದ ವಾಣಿಜ್ಯ ಕಾರ್ಯದರ್ಶಿ ಒಪ್ಪಿದರು. 2020ರ ಜೂನ್‌ನಿಂದ ವರ್ಜೀನಿಯಾ ನೀರಿನಲ್ಲಿ ಮೆನ್‌ಹೇಡನ್ ಹಿಡಿಯುವುದೇ ಬಂದ್ ಎಂದು ಎಚ್ಚರಿಕೆ ಹೋಯಿತು. ಆಗ ಒಂದು ಸೋಜಿಗದ ಸಂಗತಿ ಎಲ್ಲರ ಗಮನಕ್ಕೆ ಬಂತು. ವರ್ಜೀನಿಯಾದಲ್ಲಿ ಉಳಿದೆಲ್ಲ ಕಡಲಮೀನಿನ ನಿಯಮ ಮಾಡುವುದು ಮೀನುಗಾರಿಕೆ ಇಲಾಖೆಯಾದ ಮರೈನ್ ರಿಸೋರ್ಸಸ್ ಕಮಿಷನ್. ಮೆನ್‌ಹೇಡನ್ ನಿಯಮ ಮಾತ್ರ ಶಾಸನಸಭೆಯ ಕೈಯಲ್ಲಿತ್ತು. ಮೀನು ಒಂದು, ಮತ ಹಾಕುವ ಶಾಸಕರು ನೂರಕ್ಕೂ ಹೆಚ್ಚು. ಬಂದ್ ಬೀಳುತ್ತದೆ ಎಂದಾಗ ಶಾಸಕರು ಆ ಅಧಿಕಾರವನ್ನು ಇಲಾಖೆಗೆ ಬಿಟ್ಟುಕೊಟ್ಟರು. ಇಲಾಖೆ 51,000ದ ಮಿತಿ ಹಾಕಿತು. ಮೀರಿದ್ದನ್ನು ಆ ವರ್ಷದ ಪಾಲಿನಿಂದ ಕಳೆದು 36,192 ಟನ್ನಿಗೆ ಇಳಿಸಿದರು. ಬಂದ್ ತಪ್ಪಿತು.

ಹಾಗಾದರೆ ಮೆನ್‌ಹೇಡನ್ ಮುಗಿಯುತ್ತ ಬಂದಿದೆಯೇ?

ಈ ಅನುಮಾನ ನಿಮಗೆ ಬಂದೇ ಬರುತ್ತದೆ. ಇಲ್ಲ, ಮುಗಿಯುತ್ತ ಬಂದಿಲ್ಲ. ಕಂಪನಿ ಹೇಳುವುದೂ ಇದನ್ನೇ, ಮತ್ತು ಈ ಮಾತಿನಲ್ಲಿ ಅದು ಸರಿ. ಇಡೀ ಕರಾವಳಿಯ ಲೆಕ್ಕದಲ್ಲಿ ಮೆನ್‌ಹೇಡನ್ ಅಪಾಯದ ಗೆರೆಯಿಂದ ಮೇಲೆಯೇ ಇದೆ. ಸುಸ್ಥಿರ ಮೀನುಗಾರಿಕೆ ಎಂದು 2019ರಲ್ಲಿ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಪ್ರಮಾಣಪತ್ರವನ್ನೂ ಕೊಟ್ಟಿತು.

2020ರಲ್ಲಿ ಆಯೋಗ ಲೆಕ್ಕದ ರೀತಿಯನ್ನೇ ಬದಲಿಸಿತು. ಮೊದಲು ಮೆನ್‌ಹೇಡನ್ ಸಂತತಿ ಉಳಿದರೆ ಸಾಕು ಎಂದು ನೋಡುತ್ತಿದ್ದರು. ಈಗ ಅದನ್ನು ತಿನ್ನುವವರಿಗೂ ಸಾಕಾಗಬೇಕು ಎಂದು ನೋಡುತ್ತಾರೆ. ಇದಕ್ಕೆ ಇಕಲಾಜಿಕಲ್ ರೆಫರೆನ್ಸ್ ಪಾಯಿಂಟ್ ಎಂಬ ದೊಡ್ಡ ಹೆಸರಿದೆ. ಅರ್ಥ ಇಷ್ಟೇ: ನೆಂಟರ ಊಟ ಲೆಕ್ಕಹಾಕಿ ಉಳಿದದ್ದನ್ನು ಮಾರುವುದು. ಎಲ್ಲ ನೆಂಟರನ್ನೂ ಲೆಕ್ಕ ಹಾಕಲಾಗದು. ಅದಕ್ಕೆ ಮೆನ್‌ಹೇಡನ್ ಕಡಿಮೆಯಾದರೆ ಎಲ್ಲರಿಗಿಂತ ಮೊದಲು ಸೊರಗುವ ಸ್ಟ್ರೈಪ್ಡ್ ಬಾಸ್ ಅನ್ನು ಅಳತೆಗೋಲು ಮಾಡಿಕೊಂಡರು. ಪ್ರಪಂಚದಲ್ಲಿ ಇಂಥ ಲೆಕ್ಕವನ್ನು ಕಾನೂನಿನೊಳಗೆ ತಂದ ಮೀನುಗಾರಿಕೆಗಳು ಕಡಿಮೆ. ಇದಕ್ಕಾಗಿ ಗಾಳದವರ ಸಂಘಗಳು ವರ್ಷಗಟ್ಟಲೆ ಪಟ್ಟು ಹಿಡಿದಿದ್ದವು.

2025ರಲ್ಲಿ ಲೆಕ್ಕ ಮತ್ತೆ ಅಲುಗಾಡಿತು. ಮೀನು ಸಹಜವಾಗಿ ಸಾಯುವ ಪ್ರಮಾಣವನ್ನು ಹಿಂದೆ ಹೆಚ್ಚಾಗಿ ಅಂದಾಜು ಮಾಡಿದ್ದರು ಎಂದು ಗೊತ್ತಾಯಿತು. ಅದನ್ನು ತಿದ್ದಿದಾಗ, ಸಮುದ್ರದಲ್ಲಿ ಇರುವ ಮೆನ್‌ಹೇಡನ್ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ಎಂದಾಯಿತು. ಇದು ಕೇಳಲು ತಿರುಗುಮುರುಗು ಅನ್ನಿಸುತ್ತದೆ. ಹೀಗೆ ನೋಡಿ: ವರ್ಷಕ್ಕೆ ಬಹಳ ಮೀನು ಸಾಯುತ್ತದೆ ಎಂದುಕೊಂಡರೆ, ಅಷ್ಟು ಸತ್ತರೂ ಬಲೆಗೆ ಇಷ್ಟು ಬರಬೇಕಾದರೆ ಮೊದಲು ತುಂಬ ಇದ್ದಿರಬೇಕು ಎಂದು ಲೆಕ್ಕ ಹೇಳುತ್ತದೆ. ಸಾವು ಕಡಿಮೆ ಎಂದರೆ ಮೂಲವೂ ಕಡಿಮೆ. ಅಕ್ಟೋಬರ್‌ನಲ್ಲಿ ಆಯೋಗ 2026ರ ಕೋಟಾವನ್ನು 20% ಇಳಿಸಿ 1,86,840 ಟನ್ ಮಾಡಿತು. ಗಾಳದವರಿಗೆ ಇದು ಸಾಲದು. ಕಂಪನಿಗೆ ಇದು ಹೆಚ್ಚು.

ಈಗ ಮುಖ್ಯ ಮಾತು. ಇವೆಲ್ಲವೂ ಇಡೀ ಕರಾವಳಿಯ ಲೆಕ್ಕ. ಜಿಲ್ಲೆಯಲ್ಲಿ ವಾಡಿಕೆಯಷ್ಟು ಮಳೆಯಾಗಿದೆ ಎಂದರೆ ನಮ್ಮೂರ ಕೆರೆ ತುಂಬಿದೆ ಎಂದಲ್ಲ. ಗಾಳದವನು ನಿಂತಿರುವುದು ಕೆರೆಯ ಏರಿಯ ಮೇಲೆ. ಅವನಿಗೆ ಜಿಲ್ಲೆಯ ಸರಾಸರಿ ಹೇಳಿ ಕಳಿಸಿದರೆ ಸಿಟ್ಟು ಬರುತ್ತದೆ. ಅವನು ಹೇಳುವುದು ಕೊಲ್ಲಿಯೊಳಗೆ, ಅದೂ ಬೇಸಿಗೆಯ ಕೆಲವು ವಾರಗಳಲ್ಲಿ, ಮೀನು ಖಾಲಿಯಾಗುತ್ತದೆ ಎಂದು. ಇದಕ್ಕೆ ಲೋಕಲೈಸ್ಡ್ ಡಿಪ್ಲೀಶನ್, ಸ್ಥಳೀಯ ಬರಿದಾಗುವಿಕೆ, ಎಂಬ ಮಾತಿದೆ. ಒಟ್ಟು ಸಾಕಷ್ಟಿದ್ದರೂ ಒಂದು ಜಾಗದಲ್ಲಿ ಇಲ್ಲವಾಗುವುದು. ಮೇರಿಲ್ಯಾಂಡಿನ ಸಣ್ಣ ಮೀನುಗಾರರೂ ಈಚಿನ ವರ್ಷಗಳಲ್ಲಿ ಇದನ್ನೇ ಹೇಳುತ್ತಿದ್ದಾರೆ. ಅವರು ಮೇಲಿನ ಕೊಲ್ಲಿಯಲ್ಲಿ ಗೂಟ ನೆಟ್ಟು ಬಲೆ ಕಟ್ಟಿ, ಏಡಿ ಬೋನಿಗೆ ಬೇಕಾದ ಎರೆ ಹಿಡಿಯುತ್ತಾರೆ. ಬಲೆ ಖಾಲಿ ಬರುತ್ತಿದೆ ಎನ್ನುತ್ತಾರೆ. ವಿಲಿಯಂ ಅಂಡ್ ಮೇರಿ ವಿಶ್ವವಿದ್ಯಾಲಯದ ಬ್ರಯನ್ ವಾಟ್ಸ್ ಮತ್ತು ಅವರ ತಂಡ ಕೊಲ್ಲಿಯ ಕೆಳಭಾಗದ ಮೊಬ್‌ಜಾಕ್ ಬೇ ಎಂಬಲ್ಲಿ ಮೀನುಗಿಡುಗದ ಗೂಡುಗಳನ್ನು ಗಮನಿಸುತ್ತ ಬಂದಿದ್ದಾರೆ. ಮರಿಗಳು ಗೂಡಿನಲ್ಲೇ ಹಸಿದು ಸಾಯುತ್ತಿವೆ, ಕಾರಣ ಮೆನ್‌ಹೇಡನ್ ಸಿಗದಿರುವುದು ಎಂಬುದು ಅವರ ನಿಲುವು. ಕಂಪನಿ ಇದನ್ನು ಒಪ್ಪುವುದಿಲ್ಲ.

ಎಣಿಸಿ ಮುಗಿಸಬಾರದೇ ಎಂದರೆ, ಎಣಿಸಲು ಯೋಜನೆಯೇನೋ ಸಿದ್ಧವಿದೆ. ವರ್ಜೀನಿಯಾ ಇನ್‌ಸ್ಟಿಟ್ಯೂಟ್ ಆಫ್ ಮರೈನ್ ಸೈನ್ಸ್ 2023ರಲ್ಲಿ ಕೊಲ್ಲಿಯ ಮೆನ್‌ಹೇಡನ್ ಅಧ್ಯಯನಕ್ಕೆ ರೂಪುರೇಷೆ ಹಾಕಿಕೊಟ್ಟಿತು. ವೆಚ್ಚ 25-30 ಲಕ್ಷ ಡಾಲರಿನ ಆಸುಪಾಸು. ನಮ್ಮ ರೂಪಾಯಿಯಲ್ಲಿ ಇಪ್ಪತ್ತು ಕೋಟಿ ದಾಟುತ್ತದೆ, ಆದರೆ ಒಂದು ರಾಜ್ಯದ ಬಜೆಟ್ಟಿಗೆ ಅದು ಚಿಲ್ಲರೆ. ಹಣ ಕೊಡುವ ಮಸೂದೆ ಶಾಸನಸಭೆಯಲ್ಲಿ 2024ರಲ್ಲಿ ಮುಂದಕ್ಕೆ ಹೋಯಿತು. 2025ರಲ್ಲಿ ಮತ್ತೆ ಬಿತ್ತು. ಲೆಕ್ಕ ಇಲ್ಲದಿರುವಷ್ಟು ದಿನ ಇಬ್ಬರೂ ತಮ್ಮ ಮಾತೇ ನಿಜ ಎನ್ನಬಹುದು. ಹಾಗಿರುವಾಗ ಅನುಕೂಲ ಯಾರಿಗೆ ಎಂದು ನನ್ನನ್ನು ಕೇಳಿದರೆ, ದಿನವೂ ಹಡಗು ಕಳಿಸುವವರಿಗೆ ಎನ್ನುತ್ತೇನೆ. ಆಯೋಗ ಮಾತ್ರ ಕೈಕಟ್ಟಿ ಕೂತಿಲ್ಲ. ಕೊಲ್ಲಿಯ ಮಿತಿಯನ್ನು ಅರ್ಧದವರೆಗೆ ಇಳಿಸುವುದು, ಹಿಡಿಯುವುದನ್ನು ಋತುವಿನ ಉದ್ದಕ್ಕೂ ಹಂಚುವುದು, ಇಂಥ ಆಯ್ಕೆಗಳ ಕರಡನ್ನು 2025ರಲ್ಲಿ ಕೈಗೆತ್ತಿಕೊಂಡಿದೆ.

ಗಾಳದವರು ಹೇಳಿದ್ದೆಲ್ಲ ಸರಿಯೇ?

ಅಲ್ಲ. ತಂಗಿಯ ಮಗನಿಗೆ ಇದನ್ನು ಹೇಳಿದಾಗ ಅವನ ದನಿ ಸಣ್ಣದಾಯಿತು.

ಸ್ಟ್ರೈಪ್ಡ್ ಬಾಸ್ ಕಡಿಮೆಯಾಗಲು ಗಾಳವೂ ದೊಡ್ಡ ಕಾರಣ. ಆ ಮೀನಿನ ಒಟ್ಟು ಸಾವಿನಲ್ಲಿ, ಮನುಷ್ಯರಿಂದಾಗುವ ಪಾಲು ನೋಡಿದರೆ, ಬಹುಭಾಗ ಹವ್ಯಾಸಿ ಗಾಳದವರದು. ತಿನ್ನಲು ಕೊಂಡೊಯ್ದದ್ದು ಮಾತ್ರವಲ್ಲ. ಹಿಡಿದು ಬಿಟ್ಟ ಮೀನಿನಲ್ಲಿ ನೂರಕ್ಕೆ 9 ಸಾಯುತ್ತವೆ ಎಂದು ಲೆಕ್ಕ ಹಿಡಿಯುತ್ತಾರೆ. ಕೋಟಿಗಟ್ಟಲೆ ಮೀನು ಹಿಡಿದು ಬಿಡುವಾಗ ಆ 9 ಸಣ್ಣ ಸಂಖ್ಯೆಯಲ್ಲ. ಮರಿ ಬಾರದಿರುವುದಕ್ಕೆ ಚಳಿ ಕಡಿಮೆಯಾದ ಚಳಿಗಾಲ, ಮಳೆ ಕಡಿಮೆಯಾದ ವಸಂತ ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ. ಹೊರಗಿನಿಂದ ತಂದು ಬಿಟ್ಟ ಬ್ಲೂ ಕ್ಯಾಟ್‌ಫಿಶ್ ಬೇರೆ ಕೊಲ್ಲಿಯ ತುಂಬ ಹಬ್ಬಿದೆ. ಅದು ಸಿಕ್ಕಿದ್ದನ್ನೆಲ್ಲ ನುಂಗುತ್ತದೆ.

ಮೆನ್‌ಹೇಡನ್ ಕೊಲ್ಲಿಯ ನೀರನ್ನು ಸೋಸಿ ಸ್ವಚ್ಛ ಮಾಡುತ್ತದೆ ಎಂಬ ಮಾತೂ ತುಂಬ ಓಡಾಡುತ್ತದೆ. ಕೇಳಲು ಚಂದ. ಆದರೆ ವರ್ಜೀನಿಯಾದ ಅದೇ ಮರೈನ್ ಸೈನ್ಸ್ ಸಂಸ್ಥೆಯ ಸಂಶೋಧಕರು 2010ರ ಸುಮಾರಿಗೆ ಅಳೆದು ನೋಡಿದಾಗ, ನೀರಿನ ಸಾರಜನಕ ತೆಗೆಯುವುದರಲ್ಲಿ ದೊಡ್ಡ ಮೆನ್‌ಹೇಡನ್ ಪಾತ್ರ ಬಹಳ ಕಡಿಮೆ ಎಂದು ಕಂಡಿತು. ತಿಂದದ್ದರಲ್ಲಿ ಬಹಳಷ್ಟು ಮತ್ತೆ ನೀರಿಗೇ ಬರುತ್ತದೆ. ಸಣ್ಣ ವಯಸ್ಸಿನ ಸ್ಟ್ರೈಪ್ಡ್ ಬಾಸ್ ಹೊಟ್ಟೆ ಸೀಳಿದರೆ ಮೆನ್‌ಹೇಡನ್‌ಗಿಂತ ಬೇ ಆಂಚೋವಿ, ಎಂದರೆ ನಮ್ಮ ಕೊಲ್ಲತರು ಥರದ ಬೆರಳುದ್ದದ ಮೀನು, ಹೆಚ್ಚು ಸಿಗುವುದೂ ಉಂಟು.

ಕೆಲಸದ ಮಾತೂ ಇದೆ. ರೀಡ್‌ವಿಲ್‌ನಲ್ಲಿ ಈ ಕಾರ್ಖಾನೆ ಮತ್ತು ಹಡಗುಗಳನ್ನು ನಂಬಿ ಇನ್ನೂರಕ್ಕೂ ಹೆಚ್ಚು ಜನ ದುಡಿಯುತ್ತಾರೆ. ಅಜ್ಜ, ಅಪ್ಪ, ಮಗ ಹೀಗೆ ಅದೇ ಕೆಲಸದಲ್ಲಿದ್ದವರು. ಬಂದ್ ಮಾಡಿ ಎಂದು ಶನಿವಾರದ ಗಾಳದವರು ಹೇಳುವುದು ಸುಲಭ.

ನಮ್ಮ ಕಡೆಯ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಎಲ್ಲರೂ ಬಲೆಯತ್ತ ಬೆರಳು ಮಾಡಿದರು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಮುದ್ರದ ಬಿಸಿ ಮತ್ತು ಮಳೆಗಾಲದ ಏರುಪೇರನ್ನು ಮುಖ್ಯ ಕಾರಣವಾಗಿ ತೋರಿಸಿತು. ಮೇವಿನ ಮೀನು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಇಳಿದ ವರ್ಷವೂ ಏರಿದ ವರ್ಷದಷ್ಟೇ ಹಿಡಿಯಲು ಹೋದಾಗ ಬಲೆಯ ತಪ್ಪು ಶುರುವಾಗುತ್ತದೆ.

ನೀವು ಅಲ್ಲಿದ್ದು ಗಾಳ ಹಾಕುವುದಾದರೆ

ವರ್ಜೀನಿಯಾದಲ್ಲಿ ಕಡಲಮೀನಿಗೆ ಗಾಳ ಹಾಕಲು ಲೈಸೆನ್ಸ್ ಬೇಕು. 16 ವರ್ಷದೊಳಗಿನವರಿಗೆ ಬೇಡ. ಅಲ್ಲಿಯ ನಿವಾಸಿಗಳಿಗೆ ವರ್ಷಕ್ಕೆ 17-18 ಡಾಲರ್ ಆಸುಪಾಸು, ಹೊರಗಿನವರಿಗೆ ಸ್ವಲ್ಪ ಹೆಚ್ಚು. ಮರೈನ್ ರಿಸೋರ್ಸಸ್ ಕಮಿಷನ್ ಜಾಲತಾಣದಲ್ಲಿ ಸಿಗುತ್ತದೆ, ಗಾಳದ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತದೆ. ಲೈಸೆನ್ಸ್ ಪಡೆದ ಪಿಯರ್, ಎಂದರೆ ನೀರಿನೊಳಕ್ಕೆ ಚಾಚಿದ ಕಟ್ಟೆ, ಅಥವಾ ಬಾಡಿಗೆ ದೋಣಿಯಿಂದ ಹಾಕಿದರೆ ಬೇರೆ ತೆಗೆಸಬೇಕಿಲ್ಲ. ಮೊದಲ ಸಲಕ್ಕೆ ಅದೇ ಒಳ್ಳೆಯದು.

ಎರೆಗೆ ಬೇಕಾದ ಮೆನ್‌ಹೇಡನ್ ಅಂಗಡಿಯಲ್ಲಿ ಹೆಪ್ಪುಗಟ್ಟಿಸಿದ್ದು ಸಿಗುತ್ತದೆ. ಕೆಲವರು ಬೀಸುಬಲೆಯಲ್ಲಿ ತಾವೇ ಹಿಡಿಯುತ್ತಾರೆ. ಊರಿನಲ್ಲಿ ಬೀಸುಬಲೆ ಬೀಸಿ ಗೊತ್ತಿದ್ದವರು ಅಲ್ಲಿ ಒಂದೇ ದಿನದಲ್ಲಿ ಹೀರೋ ಆಗಬಹುದು.

ಸ್ಟ್ರೈಪ್ಡ್ ಬಾಸ್‌ಗೆ ಎರೆ ಕಟ್ಟಿ ಹಾಕುವುದಾದರೆ 2021ರಿಂದ ಸರ್ಕಲ್ ಹುಕ್ ಕಡ್ಡಾಯ. ತುದಿ ಒಳಕ್ಕೆ ಬಾಗಿದ ಕೊಕ್ಕೆ ಅದು. ಮೀನು ಎರೆ ನುಂಗಿದರೂ ಕೊಕ್ಕೆ ಹೊಟ್ಟೆಗೆ ಚುಚ್ಚದೆ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಟ್ಟರೆ ಬದುಕುತ್ತದೆ. ಕೊಲ್ಲಿಯಲ್ಲಿ ದಿನಕ್ಕೆ ಒಬ್ಬರಿಗೆ ಒಂದೇ ಮೀನು. 2024ರಲ್ಲಿ ಬಂದ ನಿಯಮದಂತೆ ಅದರ ಉದ್ದ 19ರಿಂದ 24 ಇಂಚಿನೊಳಗೆ ಇರಬೇಕು. ವರ್ಜೀನಿಯಾ ಭಾಗದಲ್ಲಿ ನಡುಬೇಸಿಗೆಯಲ್ಲಿ ಇದನ್ನು ಹಿಡಿಯುವುದೇ ಬಂದ್. ಬಿಸಿನೀರಿನಲ್ಲಿ ಹಿಡಿದು ಬಿಟ್ಟ ಮೀನು ಬದುಕುವುದು ಕಷ್ಟ. ನಿಯಮಗಳು ವರ್ಷವರ್ಷ ಬದಲಾಗುತ್ತವೆ. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ದೂರು ಹೇಳುವುದಿದ್ದರೆ ದಾರಿ ಇದೆ. ಆಯೋಗ ನಿಯಮ ಬದಲಿಸುವ ಮುನ್ನ ಕರಡು ಪ್ರಕಟಿಸುತ್ತದೆ, ರಾಜ್ಯ ರಾಜ್ಯದಲ್ಲಿ ಸಾರ್ವಜನಿಕರ ಸಭೆ ಕರೆಯುತ್ತದೆ, ಬರೆದು ಕಳಿಸಿದ್ದನ್ನೂ ತೆಗೆದುಕೊಳ್ಳುತ್ತದೆ. ಆನ್‌ಲೈನಿನಲ್ಲಿ ಕೂತು ಕೇಳಬಹುದು. ಸಾವಿರಾರು ಪತ್ರಗಳು ಒಂದೇ ಅಚ್ಚಿನಲ್ಲಿ ಬರುತ್ತವೆ: ಫ್ಯಾಕ್ಟರಿ ಮುಚ್ಚಿ ಎಂದು. ಅವನ್ನು ಎಣಿಸಿ ಪಕ್ಕಕ್ಕಿಡುತ್ತಾರೆ. ಯಾವ ಜಾಗ, ಯಾವ ದಿನ, ಎಷ್ಟು ಗಂಟೆ ನಿಂತೆ, ಏನು ಸಿಕ್ಕಿತು, ಮೆನ್‌ಹೇಡನ್ ಹಿಂಡು ಕಂಡಿತೇ ಇಲ್ಲವೇ ಎಂದು ಬರೆದಿಟ್ಟುಕೊಂಡವರ ಮಾತಿಗೆ ತೂಕ ಬೇರೆ. ದೋಣಿ ನಿಲ್ಲುವಲ್ಲಿ ಸರ್ವೆಯವರು ಬಂದು ಏನು ಹಿಡಿದಿರಿ ಎಂದು ಕೇಳುತ್ತಾರೆ. ಅವಸರದಲ್ಲಿ ತಪ್ಪಿಸಿಕೊಂಡು ಹೋಗಬೇಡಿ. ಗಾಳದವರ ಲೆಕ್ಕ ಸೇರುವುದು ಅಲ್ಲಿಂದಲೇ.

ತಂಗಿಯ ಮಗ ಹೋದ ವಾರ ನಿಯಮದ ಅಳತೆಯ ಒಂದು ರಾಕ್‌ಫಿಶ್ ಮನೆಗೆ ತಂದಿದ್ದನಂತೆ. ಅವನ ಹೆಂಡತಿ ರವೆ ಹಚ್ಚಿ ಹುರಿದಳಂತೆ. ಹೊಟ್ಟೆಯಲ್ಲಿ ಏನಿತ್ತು ಎಂದು ಕೇಳಿದೆ.

"ನೋಡಲಿಲ್ಲ ಮಾವ. ಕ್ಲೀನ್ ಮಾಡಿ ಬಿಸಾಡಿಬಿಟ್ಟೆ."

ಮುಂದಿನ ಸಲ ಸೀಳಿ ನೋಡು, ನೋಡಿದ್ದನ್ನು ಬರೆದಿಡು ಎಂದೆ.